ಲಾರಿ ಎಸಿ ತಂಪು ಕೊಡುತ್ತಿಲ್ಲವೇ? ‘ಗ್ಯಾಸ್ ಖಾಲಿಯಾಗಿದೆ’ ಎಂದು ನಂಬುವ ಮೊದಲು ಇದನ್ನು ಓದಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿ, ರಾಯಚೂರು ಕಡೆ ಲಾರಿ ಓಡಿಸಿದವರಿಗೆ ಕ್ಯಾಬಿನ್ ಸೆಕೆ ಏನೆಂದು ಹೇಳಿಕೊಡಬೇಕಾಗಿಲ್ಲ. ಹೊರಗೆ 42 ಡಿಗ್ರಿ ಬಿಸಿಲು, ತಲೆಯ ಮೇಲೆ ಕಾದ ತಗಡು, ಎದುರಿಗೆ ಅಗಲವಾದ ಗಾಜು, ಸೀಟಿನ ಕೆಳಗೇ ಎಂಜಿನ್. ಈ ಕಾರಣಕ್ಕಾಗಿಯೇ 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್‌ಗಿಂತ ಹೆಚ್ಚಿರುವ ಸರಕು ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಎಸಿಯ ಜೊತೆಗೆ ಒಂದು ದೂರೂ ಬರುತ್ತದೆ. ‘ಚಳಿಗಾಲದಲ್ಲಿ ಚೆನ್ನಾಗಿತ್ತು, ಬಿಸಿಲು ಏರುತ್ತಿದ್ದಂತೆ ತಂಪೇ ಇಲ್ಲ.’ ಗ್ಯಾರೇಜ್‌ಗೆ ಹೋದರೆ ಬಹಳ ಸಲ ಸಿಗುವ ಉತ್ತರ: ‘ಗ್ಯಾಸ್ ಖಾಲಿಯಾಗಿದೆ, ತುಂಬಿಸೋಣ. ವರ್ಷಕ್ಕೊಮ್ಮೆ ತುಂಬಿಸಲೇಬೇಕು.’ ಸಾಲ ಮಾಡಿ ಲಾರಿ ಕೊಂಡು ತಾವೇ ಓಡಿಸುವವರಿಗೆ ಇದು ಪ್ರತಿ ಬೇಸಿಗೆಯ ಖರ್ಚಾಗಿಬಿಡುತ್ತದೆ. ಹಾಗಾದರೆ ಎಸಿ ಗ್ಯಾಸ್ ನಿಜವಾಗಿ ವರ್ಷಕ್ಕೊಮ್ಮೆ ಖಾಲಿಯಾಗುತ್ತದೆಯೇ?

ಇಲ್ಲ. ಬಿಸಿಲಿನಲ್ಲಿ ಮಾತ್ರ ಎಸಿ ಕೈಕೊಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಗ್ಯಾಸನ್ನಲ್ಲ, ಲಾರಿಯ ಮುಂಭಾಗದಲ್ಲಿ ಕೂತಿರುವ ದೂಳನ್ನು.

ಗ್ಯಾಸ್ ಡೀಸೆಲ್‌ನಂತಲ್ಲ

ಡೀಸೆಲ್ ಉರಿದು ಹೋಗುತ್ತದೆ. ಎಸಿ ಗ್ಯಾಸ್ ಉರಿಯುವುದಿಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ನಮ್ಮಲ್ಲಿ ವಾಹನಗಳಿಗೆ ಹೆಚ್ಚಾಗಿ ಬಳಸುವ ಆರ್-134ಎ ಎಂಬ ಗ್ಯಾಸ್, ಬಯಲಿನ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಕ್ಯಾಬಿನ್ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೀಗೆ ಹೀರಿದ ಬಿಸಿಯನ್ನು ಎಲ್ಲಾದರೂ ಬಿಸಾಡಬೇಕಲ್ಲ? ಆ ಕೆಲಸ ಕಂಡೆನ್ಸರ್‌ನದು. ಹೆಚ್ಚಿನ ಲಾರಿಗಳಲ್ಲಿ ಅದು ರೇಡಿಯೇಟರ್‌ಗೆ ಮುಂದೆ, ಜಾಲರಿಯ ಹಿಂದೆ ಇರುತ್ತದೆ. ಕೆಲವದರಲ್ಲಿ ಕ್ಯಾಬಿನ್ ಮೇಲೆ.

ಎಸಿ ತಂಪನ್ನು ಉತ್ಪಾದಿಸುವ ಯಂತ್ರವಲ್ಲ, ಒಳಗಿನ ಬಿಸಿಯನ್ನು ಹೊರಗೆ ಹೊರುವ ಕೂಲಿಯಾಳು. ಹೊರಗೆ 45 ಡಿಗ್ರಿ ಇದ್ದಾಗ ಆ ಗಾಳಿಗೇ ಬಿಸಿ ಬಿಟ್ಟುಕೊಡಬೇಕೆಂದರೆ ಗ್ಯಾಸ್ ಅದಕ್ಕಿಂತ ಹೆಚ್ಚು ಬಿಸಿಯಾಗಿರಬೇಕು, ಅಂದರೆ ಸುಮಾರು 60 ಡಿಗ್ರಿ. ಆಗ ಕೊಳವೆಯೊಳಗಿನ ಒತ್ತಡ ಸುಮಾರು 230 ಪಿಎಸ್‌ಐ, ಲಾರಿ ಟೈರಿನ ಗಾಳಿಯ ಹೆಚ್ಚುಕಡಿಮೆ ದುಪ್ಪಟ್ಟು. ಕಂಡೆನ್ಸರ್ ಮೇಲೆ ಮಣ್ಣು ಮೆತ್ತಿಕೊಂಡಿದ್ದರೆ ಒತ್ತಡ ಇನ್ನೂ ಏರುತ್ತದೆ, ಕೊನೆಗೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಕ್ಯಾಬಿನ್‌ಗೆ ಬರುವುದು ಬರೀ ಫ್ಯಾನ್ ಗಾಳಿ.

ಡಿಸೆಂಬರ್‌ನಲ್ಲಿ ಇದೇ ಮಣ್ಣು ಹಿಡಿದ ಕಂಡೆನ್ಸರ್ ಹೇಗೋ ಕೆಲಸ ಮಾಡಿರುತ್ತದೆ. ಆಗ ಹೊರಗಿನ ಗಾಳಿಯೇ ತಣ್ಣಗಿರುವುದರಿಂದ ಕೊಳಕು ಬೆಳಕಿಗೆ ಬರುವುದಿಲ್ಲ. ಮಾರ್ಚ್ ಬಂದ ಮೇಲೆ ಗೊತ್ತಾಗುತ್ತದೆ.

ಒಂದು ಬಕೆಟ್ ನೀರಿನ ಪರೀಕ್ಷೆ

ಸಂಡೂರು, ಬಳ್ಳಾರಿ ಕಡೆಯ ಅದಿರು ಲಾರಿಗಳಿಗೆ ಕೆಂಪು ದೂಳು, ರಾಯಚೂರಿನಲ್ಲಿ ಹತ್ತಿಯ ನಾರು, ಹೊಲಗಳ ನಡುವಿನ ದಾರಿಯಲ್ಲಿ ಹೊಟ್ಟು, ರಾತ್ರಿ ಓಡಾಟದಲ್ಲಿ ಹುಳುಗಳು. ಎಲ್ಲವೂ ಕಂಡೆನ್ಸರ್‌ನ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಹೋಗಿ ಕೂರುತ್ತವೆ. ಸಾಲದೆಂಬಂತೆ ನಾವೇ ಜಾಲರಿಗೆ ಬ್ಯಾನರ್ ಕಟ್ಟುತ್ತೇವೆ. ಆಯುಧ ಪೂಜೆಗೆ ಕಟ್ಟಿದ ಬಾಳೆಕಂದು, ಹೂವಿನ ಹಾರ ಒಣಗಿದ ಮೇಲೂ ಹಾಗೆಯೇ ಇರುತ್ತವೆ. (ಪೂಜೆಗೆ ನಮ್ಮ ತಕರಾರಿಲ್ಲ, ಮರುದಿನ ಬಿಚ್ಚಿದರೆ ಸಾಕು.)

ಮೆಕ್ಯಾನಿಕ್‌ಗಳೂ ಬಳಸುವ ಒಂದು ಸುಲಭ ಪರೀಕ್ಷೆ ಇದೆ. ಲಾರಿ ನಿಲ್ಲಿಸಿ ಎಸಿ ಹಾಕಿ. ಒಬ್ಬರು ಒಳಗೆ ಕೂತು ಗಾಳಿಗೆ ಕೈ ಒಡ್ಡಲಿ, ಇನ್ನೊಬ್ಬರು ಫ್ಯಾನ್‌ನಿಂದ ದೂರ ನಿಂತು ಕಂಡೆನ್ಸರ್ ಮೇಲೆ ನೀರು ಚಿಮುಕಿಸಲಿ. ಒಂದೆರಡು ನಿಮಿಷದಲ್ಲಿ ಗಾಳಿ ತಂಪಾದರೆ ತೊಂದರೆ ಬಿಸಿ ಹೊರಹಾಕುವುದರಲ್ಲಿದೆ: ಕೊಳಕು ಕಂಡೆನ್ಸರ್, ದುರ್ಬಲ ಫ್ಯಾನ್, ಅಥವಾ ಅತಿಯಾಗಿ ತುಂಬಿದ ಗ್ಯಾಸ್. ಇಂಥ ಸ್ಥಿತಿಯಲ್ಲಿ ಗ್ಯಾಸ್ ಸೇರಿಸಿದರೆ ಒತ್ತಡ ಇನ್ನಷ್ಟು ಏರಿ ತಂಪು ಮತ್ತೂ ಕಡಿಮೆಯಾಗುತ್ತದೆ. ದುಡ್ಡು ಕೊಟ್ಟು ಕೆಡಿಸಿಕೊಂಡಂತೆ.

ತೊಳೆಯುವಾಗ ಎಂಜಿನ್ ಬಂದ್ ಮಾಡಿ, ಆರಲು ಬಿಡಿ. ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ ನೀರು ಬಿಡಿ. ಸಾದಾ ಪೈಪಿನ ನೀರು ಸಾಕು. ವಾಟರ್ ಸರ್ವಿಸ್‌ನ ಜೋರು ಪಂಪನ್ನು ಹತ್ತಿರ ಹಿಡಿದರೆ ಆ ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಕ್ಯಾಬಿನ್ ಫಿಲ್ಟರ್ ಇದ್ದರೆ ಅದನ್ನೂ ತೆಗೆದು ನೋಡಿ. ಗಾಳಿ ಜೋರಾಗಿ ಬಾರದಿದ್ದರೆ ಬಹುಪಾಲು ಅದೇ ಕಾರಣ.

ಇನ್ನೊಂದನ್ನು ಮೆಕ್ಯಾನಿಕ್‌ಗಳೂ ಮರೆಯುವುದುಂಟು. ಹೀಟರ್‌ಗೆ ಹೋಗುವ ಬಿಸಿನೀರಿನ ವಾಲ್ವ್ ಪೂರ್ತಿ ಮುಚ್ಚದಿದ್ದರೆ, ಎಸಿ ತಣ್ಣಗೆ ಮಾಡಿದ ಗಾಳಿಯನ್ನು ಹೀಟರ್ ಮತ್ತೆ ಬಿಸಿ ಮಾಡುತ್ತದೆ. ಗೇರ್ ಲಿವರ್, ಪೆಡಲ್‌ಗಳ ಬುಡದ ರಬ್ಬರ್ ಹರಿದಿದ್ದರೂ ಎಂಜಿನ್ ಬಿಸಿ ನೇರ ಒಳಗೆ ಬರುತ್ತದೆ. ಇವೆರಡಕ್ಕೂ ಗ್ಯಾಸ್‌ಗೂ ಸಂಬಂಧವೇ ಇಲ್ಲ.

ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದ್ದರೆ?

ರಬ್ಬರ್ ಹೋಸ್‌ಗಳಿಂದ, ಕಂಪ್ರೆಸರ್ ಸೀಲ್‌ನಿಂದ ವರ್ಷಗಳ ಅವಧಿಯಲ್ಲಿ ಒಂದಿಷ್ಟು ಗ್ಯಾಸ್ ಹೋಗುವುದು ಸಹಜ. ಲಾರಿಯ ಕುಲುಕಾಟಕ್ಕೆ ಜಾಯಿಂಟ್‌ಗಳು ಸಡಿಲವಾಗುವುದೂ ಉಂಟು. ಆದರೆ ಪ್ರತಿ ವರ್ಷ ತುಂಬಿಸಬೇಕಾಗುತ್ತಿದೆ ಎಂದರೆ ಅದು ಸರ್ವಿಸ್ ಅಲ್ಲ, ಲೀಕ್. ಪಂಕ್ಚರ್ ಹಾಕದೆ ದಿನಾ ಗಾಳಿ ಹೊಡೆಸಿದ ಹಾಗೆ. ಸೋರಿದ ಗ್ಯಾಸ್ ಗಾಳಿಗೂ ಒಳ್ಳೆಯದಲ್ಲ: ಒಂದು ಕಿಲೋ ಆರ್-134ಎ, ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಸೋಪಿನ ನೀರಲ್ಲೋ, ಬಣ್ಣದ ಡೈಯಲ್ಲೋ, ಡಿಟೆಕ್ಟರ್‌ನಲ್ಲೋ ಲೀಕ್ ಹುಡುಕಿ ಸರಿಪಡಿಸಬೇಕು. ಕೊಳವೆ ಬಿಚ್ಚಿದ್ದರೆ ಡ್ರೈಯರ್ ಬದಲಿಸಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ತೆಗೆಯಬೇಕು. ತೇವ ಉಳಿದರೆ ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಲೋಹ ತಿನ್ನುತ್ತದೆ. ಕೊನೆಗೆ ಕಂಪನಿ ಹೇಳಿದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಪಂಪ್, ತಕ್ಕಡಿ ಎರಡೂ ಇಲ್ಲದೆ ಹತ್ತು ನಿಮಿಷದಲ್ಲಿ ‘ಮುಗೀತು’ ಎಂದರೆ ಕೇಳಲು ಹಿಂಜರಿಯಬೇಡಿ.

ಲೇಬಲ್ ಇಲ್ಲದ ಅಗ್ಗದ ಸಿಲಿಂಡರ್ ಬಗ್ಗೆ ಎಚ್ಚರ. 2011ರಲ್ಲಿ ಶೈತ್ಯ ಕಂಟೇನರ್‌ಗಳ ಕಂಪ್ರೆಸರ್‌ಗಳು ಸಿಡಿದು ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಕೆಲಸಗಾರರು ಸತ್ತಿದ್ದರು. ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಗ್ಯಾಸ್ ತುಂಬಿದ್ದೇ ಅದಕ್ಕೆ ಕಾರಣ. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ರಾಸಾಯನಿಕವಾಗುತ್ತದೆ.

ಓಡಿಸುವಾಗ

ಬಿಸಿಲಲ್ಲಿ ನಿಂತಿದ್ದ ಲಾರಿಯ ಕ್ಯಾಬಿನ್ ಹೊರಗಿಗಿಂತ ಬಿಸಿಯಾಗಿರುತ್ತದೆ. ಕಿಟಕಿ ತೆರೆದು ಎರಡು ನಿಮಿಷ ಓಡಿಸಿ ಆ ಗಾಳಿಯನ್ನು ಹೊರಹಾಕಿ, ಆಮೇಲೆ ಕಿಟಕಿ ಮುಚ್ಚಿ ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ. ಆಗಾಗ್ಗೆ ಕೆಲವು ನಿಮಿಷ ಹೊರಗಿನ ಗಾಳಿಗೆ ಬದಲಿಸಿ. ಡ್ರೈವರ್, ಕ್ಲೀನರ್ ಇಬ್ಬರೂ ಗಂಟೆಗಟ್ಟಲೆ ಅದೇ ಗಾಳಿಯನ್ನು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ತೂಕಡಿಕೆ ಬರುತ್ತದೆ.

ಕಲಬುರಗಿಯಿಂದ ಹೊರಟು ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಿದಾಗ ‘ಇಲ್ಲಿ ಉರಿ ಕಡಿಮೆ, ಆದರೂ ಎಸಿ ಎಳೆಯುತ್ತಿಲ್ಲ’ ಎನಿಸಬಹುದು. ಅದು ಕೆಟ್ಟಿರುವುದಲ್ಲ. ಕರಾವಳಿ ಗಾಳಿಯಲ್ಲಿ ತೇವ ಜಾಸ್ತಿ; ಆ ತೇವವನ್ನು ನೀರಾಗಿಸುವುದಕ್ಕೇ ಎಸಿಯ ಶಕ್ತಿಯ ದೊಡ್ಡ ಪಾಲು ಹೋಗುತ್ತದೆ. ಲಾರಿಯ ಕೆಳಗೆ ತೊಟ್ಟಿಕ್ಕುವ ನೀರು ಅದೇ.

‘ಎಸಿ ಹಾಕಿದರೆ ಮೈಲೇಜ್ ಹೋಗುತ್ತದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕಂಪ್ರೆಸರ್ ಎಳೆಯುವುದು ಕೆಲವೇ ಹಾರ್ಸ್‌ಪವರ್. 200 ಹಾರ್ಸ್‌ಪವರ್ ಎಂಜಿನ್ ತುಂಬಿದ ಲಾರಿಯನ್ನು ಎಳೆಯುವಾಗ ಅದು ಚಿಕ್ಕ ಪಾಲು. ಆದರೆ ನಿಂತ ಲಾರಿಯಲ್ಲಿ ಎಸಿಗಾಗಿಯೇ ರಾತ್ರಿಯಿಡೀ ಎಂಜಿನ್ ಓಡಿಸಿದರೆ ಲೆಕ್ಕವೇ ಬೇರೆ. ಡೀಸೆಲ್ ಹೋಗುವುದಷ್ಟೇ ಅಲ್ಲ, ಸೈಲೆನ್ಸರ್ ಸೋರುತ್ತಿದ್ದರೆ ಅಥವಾ ಹೊಗೆ ಹೊರಹೋಗದ ಜಾಗದಲ್ಲಿ ಲಾರಿ ನಿಂತಿದ್ದರೆ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ ಸೇರಬಹುದು. ಅದಕ್ಕೆ ಬಣ್ಣ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮಲಗುವಾಗ ಎಂಜಿನ್ ಬಂದ್ ಮಾಡಿ, ನೆರಳು ಹುಡುಕಿ, ಕಿಟಕಿ ತೆರೆದಿಡಿ.

ಮಳೆಗಾಲ, ಚಳಿಗಾಲದಲ್ಲೂ ತಿಂಗಳಿಗೆ ಎರಡು ಸಲ ಹತ್ತು ನಿಮಿಷ ಎಸಿ ಓಡಿಸಿ. ಗ್ಯಾಸ್ ಜೊತೆ ಸುತ್ತುವ ಎಣ್ಣೆ ಸೀಲ್‌ಗಳನ್ನು ಒಣಗದಂತೆ ಕಾಯುತ್ತದೆ.

ದಾರಿ ಮಧ್ಯೆ ಎಸಿ ಕೈಕೊಟ್ಟರೆ ಕಲಬುರಗಿಯಂಥ ಒಣ ಸೆಕೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಹಳೆಯ ಉಪಾಯ ಕೆಲಸ ಮಾಡುತ್ತದೆ, ಕರಾವಳಿಯಲ್ಲಿ ಮಾಡುವುದಿಲ್ಲ. ತಲೆಸುತ್ತು, ವಾಕರಿಕೆ ಶುರುವಾದರೆ ಲಾರಿ ನಿಲ್ಲಿಸಿ ನೆರಳಿಗೆ ಹೋಗಿ, ನೀರು ಕುಡಿಯಿರಿ. ಜೊತೆಗಿದ್ದವರ ಮಾತು ತೊದಲಿದರೆ, ಗೊಂದಲದಲ್ಲಿದ್ದರೆ ಅದು ಬಿಸಿಲಾಘಾತವಿರಬಹುದು: 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.