ಕಲಿಸಲು ಬಂದು ಕಲಿತವರು: ಕನ್ನಡ ನಾಡಿನ ವಿದೇಶೀ ಇಂಗ್ಲಿಷ್ ಉಪಾಧ್ಯಾಯರು ಮತ್ತು ನಮ್ಮ ಋಣ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯನ್ನು ಇಂದು ಅನೇಕರು ಕುಮುದ್ವತಿ ನದಿಯ ಅಂಜನಾಪುರ ಜಲಾಶಯದ ಹೆಸರಿನಿಂದ ಬಲ್ಲರು. ಚರಿತ್ರೆಯನ್ನು ಓದುವವರಿಗೆ ಅದೇ ಸೀಮೆ ತಾಳಗುಂದ ಮತ್ತು ಬಳ್ಳಿಗಾವೆಗಳ ನಾಡು. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದ ಸಂಗತಿಯನ್ನು ತಾಳಗುಂದದ ಕಂಬದ ಶಾಸನವು ತಿಳಿಸುತ್ತದೆ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ, ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವಿಕ್ಕುತ್ತಿದ್ದ, ರೋಗಿಗಳಿಗೆ ಔಷಧ ಕೊಡುತ್ತಿದ್ದ ಒಂದು ವಿದ್ಯಾಸ್ಥಾನವನ್ನು ವರ್ಣಿಸುತ್ತದೆ. ಈ ಶಿಲಾಲೇಖಗಳನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚಿಗೆ ತಂದವರು ಬೆಂಜಮಿನ್ ಲೂಯಿಸ್ ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟ (1902) ಶಿಕಾರಿಪುರದ ಶಾಸನಗಳನ್ನೂ 8ನೆಯ ಸಂಪುಟ (1904) ಸೊರಬದ ಶಾಸನಗಳನ್ನೂ ಒಳಗೊಂಡಿವೆ.

ಈ ಶಾಸನತಜ್ಞರು ತಮ್ಮ ವೃತ್ತಿಯನ್ನು ಆರಂಭಿಸಿದ್ದು ಬೆಂಗಳೂರಿನ ಒಂದು ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯರಾಗಿ ಎಂಬುದು ಗಮನಾರ್ಹ. ಇಂಗ್ಲಿಷನ್ನು ಕಲಿಸಲು ನೇಮಕಗೊಂಡವರೇ, ಆ ಭಾಷೆಯ ನೆರಳೂ ಬೀಳದಿದ್ದ ಕಾಲದಲ್ಲಿ ಈ ನೆಲದಲ್ಲಿ ಶಾಲೆಗಳಿದ್ದವೆಂಬುದರ ಪುರಾವೆಯನ್ನು ಲೋಕದ ಮುಂದಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ವಿದೇಶೀ ಉಪಾಧ್ಯಾಯರನ್ನು ನಮ್ಮ ಸಭೆಗಳು ಜುಬಿಲಿಗಳಲ್ಲಿ ಸ್ಮರಿಸುತ್ತವೆ. ಅವರನ್ನು ಬರಿಯ ಸಾಮ್ರಾಜ್ಯದ ಆಳುಗಳೆಂದು ತಳ್ಳಿಹಾಕುವವರೂ ಇದ್ದಾರೆ. ಹೊಗಳಿಕೆ ಮತ್ತು ತಿರಸ್ಕಾರ ಎರಡೂ ಒಂದೇ ಪ್ರಶ್ನೆಯನ್ನು ಬದಿಗಿರಿಸುತ್ತವೆ: ನಾವು ಅವರಿಗೆ ನಿಜವಾಗಿ ಯಾವುದಕ್ಕೆ ಋಣಿಗಳು? ಅವರು ತಂದ ಭಾಷೆಗಿಂತ ಮಿಗಿಲಾಗಿ, ತಾವೇ ಈ ನೆಲದ ವಿದ್ಯಾರ್ಥಿಗಳಾದುದಕ್ಕೆ ಎಂಬುದು ಈ ಲೇಖನದ ನಿಲುವು.

ಶಾಲೆಗಳು ಹುಟ್ಟಿದ ಬಗೆ

ಮೈಸೂರು ಸೀಮೆಯಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ನಾಂದಿ ಹಾಡಿದವರು ಮಿಷನರಿಗಳಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತಮ್ಮ ಸ್ವಂತ ವೆಚ್ಚದಿಂದ ಮೈಸೂರಿನಲ್ಲಿ ಒಂದು ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. 1840ರಲ್ಲಿ ಅದರ ಆಡಳಿತವು ವೆಸ್ಲಿಯನ್ ಮಿಷನ್ನಿಗೆ ಒಪ್ಪಿಸಲ್ಪಟ್ಟಿತು. ಮುಂದೆ ಬೆಂಗಳೂರು, ತುಮಕೂರು, ಶಿವಮೊಗ್ಗ, ಹಾಸನಗಳಲ್ಲಿಯೂ ಅದೇ ಮಿಷನ್ನಿನವರ ಇಂಗ್ಲಿಷ್ ಶಾಲೆಗಳು ಕಾಣಿಸಿಕೊಂಡವು. ಹೀಗೆ ಅರಸನ ಔದಾರ್ಯ, ಸರ್ಕಾರದ ಸಹಾಯಧನ, ಪಾದ್ರಿಯ ಪಾಠ ಈ ಮೂರೂ ಮೊದಲಿನಿಂದಲೇ ಹೆಣೆದುಕೊಂಡಿದ್ದವು. 1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪ್ರೌಢಶಾಲೆಯು ಆರಂಭವಾದಾಗ ಅದರ ಮುಖ್ಯಸ್ಥರಾಗಿ ಬಂದವರೂ ವೆಸ್ಲಿಯನ್ ಮಿಷನ್ನಿನಲ್ಲಿ ದುಡಿದಿದ್ದ ಜಾನ್ ಗ್ಯಾರೆಟ್. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು.

ಕರಾವಳಿಯ ಕಥೆ ಬೇರೆ. ಬಾಸೆಲ್ ಮಿಷನ್ನಿನ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರನ್ನು ತಲಪಿದರು. ಅವರಿಗೂ ಅವರ ಹಿಂದೆ ಬಂದವರಿಗೂ ಮಾತೃಭಾಷೆ ಜರ್ಮನ್. ಇಂಗ್ಲಿಷ್ ಅವರಿಗೂ ಕಲಿತು ಬಂದ ಭಾಷೆಯೇ. ಆ ದಶಕದ ಕೊನೆಯ ಹೊತ್ತಿಗೆ ಮಂಗಳೂರಿನಲ್ಲಿ ಅವರ ಇಂಗ್ಲಿಷ್ ಶಾಲೆ ನಡೆಯುತ್ತಿತ್ತು. ಸರ್ಕಾರಿ ಉದ್ಯೋಗದ ಬಾಗಿಲು ಇಂಗ್ಲಿಷಿನಿಂದ ತೆರೆಯುವುದೆಂದು ಅರಿತ ಊರಿನ ಪ್ರತಿಷ್ಠಿತ ಮನೆತನಗಳು ಮಕ್ಕಳನ್ನು ಅಲ್ಲಿಗೆ ಕಳುಹಿಸಿದವು.

ಇಂಗ್ಲಿಷ್ ಶಾಲೆಯು ಸುವಾರ್ತಾಸೇವೆಗೆ ತಕ್ಕ ಸಾಧನವೇ ಎಂಬ ವಿಚಾರದಲ್ಲಿ ಮಿಷನ್ನುಗಳಲ್ಲಿಯೇ ಒಮ್ಮತವಿರಲಿಲ್ಲ. 1830ರಲ್ಲಿ ಕಲ್ಕತ್ತೆಗೆ ಬಂದ ಅಲೆಕ್ಸಾಂಡರ್ ಡಫ್, ಮೇಲ್ವರ್ಗದ ಯುವಕರಿಗೆ ಇಂಗ್ಲಿಷ್ ವಿದ್ಯೆಯನ್ನು ಕೊಟ್ಟರೆ ಅವರ ಮೂಲಕ ಸಮಾಜವೇ ಬದಲಾಗುವುದೆಂದು ನಂಬಿದ್ದರು. ಅಮೆರಿಕನ್ ಬೋರ್ಡಿನ ರೂಫಸ್ ಆಂಡರ್ಸನ್ 1854–55ರಲ್ಲಿ ಭಾರತವನ್ನು ಸಂದರ್ಶಿಸಿ, ಸಭೆಯು ಬೆಳೆಯಬೇಕಾದುದು ಜನರ ನುಡಿಯಲ್ಲಿಯೇ ಎಂದು ವಾದಿಸಿದರು. ಬಾಸೆಲಿನವರ ಒಲವು ಬಹುಮಟ್ಟಿಗೆ ದೇಶಭಾಷೆಯ ಕಡೆಗಿತ್ತು. ಆದರೂ ಇಂಗ್ಲಿಷ್ ಶಾಲೆಯನ್ನು ಅವರು ಕೈಬಿಡಲಿಲ್ಲ. ಈ ಎಳೆದಾಟದ ನಡುವೆಯೇ ಹರ್ಮನ್ ಮೊಗ್ಲಿಂಗರ ಕೆಲಸ ರೂಪುಗೊಂಡಿತು.

ಗುರುವು ಶಿಷ್ಯನಾದುದು

ಟ್ಯೂಬಿಂಗನ್ನಿನಲ್ಲಿ ದೈವಜ್ಞಾನವನ್ನು ಅಭ್ಯಾಸಮಾಡಿ 1836ರಲ್ಲಿ ಮಂಗಳೂರಿಗೆ ಬಂದಾಗ ಮೊಗ್ಲಿಂಗರಿಗೆ 25 ವರ್ಷ. ಅಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿ ಅವರ ಒಡನಾಟಕ್ಕೆ ಬಂದ ತರುಣರಲ್ಲಿ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಒಬ್ಬರು. 1844ರ ಜನವರಿ 6ರಂದು ಅವರು ದೀಕ್ಷಾಸ್ನಾನ ಹೊಂದಿದಾಗ ಪಟ್ಟಣದಲ್ಲಿ ಕೋಲಾಹಲವೆದ್ದಿತು. ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ಹೋಗಿ ವ್ಯಾಸಂಗ ಮುಗಿಸಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ತಾವೇ ಗುರುಗಳಾದರು. ಇಂಗ್ಲಿಷ್ ಶಾಲೆಯ ಒಬ್ಬ ವಿದ್ಯಾರ್ಥಿ ಸೆಮಿನರಿಯ ಪೀಠವನ್ನೇರಿದ ಈ ಪ್ರಸಂಗವನ್ನು ನಾವು ಸಂತೋಷದಿಂದ ಹೇಳುತ್ತೇವೆ. ಆದರೆ ಅದಕ್ಕಾಗಿ ಆ ತರುಣನು ತೆತ್ತ ಬೆಲೆಯನ್ನೂ, ತಮ್ಮ ಮಕ್ಕಳನ್ನು ವಿದ್ಯೆಗಾಗಿ ಕಳುಹಿಸಿ ವಂಚಿತರಾದೆವೆಂದು ನೊಂದ ತಾಯಿತಂದೆಗಳ ದುಃಖವನ್ನೂ ಅದೇ ಉಸಿರಿನಲ್ಲಿ ಹೇಳುವುದು ಸತ್ಯಕ್ಕೆ ಸಲ್ಲಬೇಕಾದ ಗೌರವ.

ಆ ವರ್ಷಗಳಲ್ಲಿ ಮೊಗ್ಲಿಂಗರು ಹಿಡಿದ ದಾರಿ ನಮ್ಮ ಗಮನಕ್ಕೆ ಅರ್ಹವಾದುದು. ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯದಿಂದ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದಿತು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಮಂಗಳೂರಿನಲ್ಲಿ ದೈವಜ್ಞಾನ ಶಾಲೆಯನ್ನು ಕಟ್ಟಿ, ಅಲ್ಲಿಯ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಬಾಳುತ್ತ ಅವರು ಕನ್ನಡ ಗಾದೆಗಳನ್ನು ಕೂಡಿಹಾಕಿದರು. ನಿವೃತ್ತ ನ್ಯಾಯಾಧೀಶ ಕಾಸಾಮೇಜರರ ಧನಸಹಾಯದಿಂದ 1848ರಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯನ್ನು ಹೊರಡಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಓಲೆಗರಿಗಳಿಂದಲೂ ಹಾಡುವವರ ನಾಲಗೆಯಿಂದಲೂ ಅಚ್ಚಿನ ಪುಟಕ್ಕಿಳಿದವು. ಬ್ರಾಹ್ಮಣ, ವೀರಶೈವ, ಹರಿದಾಸ ಪರಂಪರೆಗಳ ಗ್ರಂಥಗಳನ್ನು ಒಂದೇ ಮಾಲೆಯಲ್ಲಿ ಪೋಣಿಸಿದವರು ಕ್ರೈಸ್ತ ಮಿಷನರಿ. ಸಾರಬೇಕಾದ ಜನರ ಹೃದಯವನ್ನು ಅರಿಯಲು ಅವರು ಹಾಡುವುದನ್ನು ಮೊದಲು ಕೇಳಬೇಕೆಂಬ ವಿವೇಕ ಅದರ ಹಿಂದಿತ್ತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಮಂಗಳೂರಿನಲ್ಲಿ ಕಲಿತದ್ದಕ್ಕೆ ಟ್ಯೂಬಿಂಗನ್ನಿನಲ್ಲಿ ದೊರೆತ ಪದವಿ ಅದೆಂದರೆ ತಪ್ಪಾಗದು.

ಬೆಂಗಳೂರಿನಲ್ಲಿ ಗ್ಯಾರೆಟರೂ ಅದೇ ಹಾದಿಯವರು. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಒಟ್ಟಿಗೆ ಪ್ರಕಟಿಸಿದವರು ಅವರು (1849). ಅಚ್ಚಾದುದು ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯದಲ್ಲಿ. ರೈಸರು ಲಂಡನ್ ಮಿಷನ್ನಿನ ಪಾದ್ರಿಯ ಮಗ. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿನ ಶಾಲೆಗೆ ಬಂದರು. ಶಾಲೆಗಳ ತನಿಖಾಧಿಕಾರಿಯಾಗಿ ಹಳ್ಳಿಹಳ್ಳಿಗೆ ಸಂಚರಿಸುವಾಗ ಗುಡಿಯಂಗಳಗಳಲ್ಲಿಯೂ ಹೊಲಗಳಲ್ಲಿಯೂ ನಿಂತಿದ್ದ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಮಕ್ಕಳನ್ನು ಪರೀಕ್ಷಿಸಲು ಹೊರಟ ಅಧಿಕಾರಿ ಆ ಕಲ್ಲುಗಳ ಮುಂದೆ ಅಕ್ಷರಾಭ್ಯಾಸಕ್ಕೆ ಕುಳಿತಂತಾಯಿತು. 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಆ ಅಭ್ಯಾಸದ ಫಲ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟದ್ದು ಎಲ್ಲರಿಗೂ ತಿಳಿದ ಸಂಗತಿಯಾದುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ನಲವತ್ತೊಂದು ವರ್ಷ ಒಂದು ಭಾಷೆಯ ಮುಂದೆ ವಿದ್ಯಾರ್ಥಿಯಾಗಿ ಕುಳಿತಿರುವ ತಾಳ್ಮೆ ಎಂತಹುದೆಂಬುದನ್ನು ಮಾತ್ರ ನೆನೆದರೆ ಸಾಕು.

ಲೆಕ್ಕದ ಇನ್ನೊಂದು ಬದಿ

ಕೃತಜ್ಞತೆಯು ಕುರುಡಾದರೆ ಅದು ಸ್ತುತಿಪಾಠವಾಗುತ್ತದೆ. ಆದುದರಿಂದ ಮೂರು ಸಂಗತಿಗಳನ್ನು ಮರೆಯಲಾಗದು.

ಮೊದಲನೆಯದು, ಬೆಂಚಿನ ಮೇಲೆ ಕುಳಿತವರು ಯಾರು ಎಂಬುದು. ಮಿಷನ್ನಿನ ಇಂಗ್ಲಿಷ್ ಶಾಲೆಗಳನ್ನು ತುಂಬಿದವರು ಹೆಚ್ಚಾಗಿ ಅಕ್ಷರದ ಪರಂಪರೆ ಮೊದಲೇ ಇದ್ದ ಮನೆತನಗಳ ಕ್ರೈಸ್ತೇತರ ಬಾಲಕರು. ಸಭೆಗೆ ಸೇರಿದ ಬಡ ಕುಟುಂಬಗಳ ಮಕ್ಕಳ ಪಾಲಿಗೆ ಬಹುಮಟ್ಟಿಗೆ ಒದಗಿದ್ದು ಕನ್ನಡದ ಪ್ರಾಥಮಿಕ ಪಾಠ, ಬಳಿಕ ಮಿಷನ್ನಿನ ನೇಯ್ಗೆಯ ಕಾರ್ಖಾನೆ, 1865ರಿಂದ ಹಂಚಿನ ಕಾರ್ಖಾನೆ. ಆ ಉದ್ಯೋಗಗಳು ಮನೆಮಾರು ಕಳೆದುಕೊಂಡವರಿಗೆ ಅನ್ನ ಕೊಟ್ಟವು, ಸ್ವಾಭಿಮಾನವನ್ನೂ ಕೊಟ್ಟವು. ಆದರೂ ಒಂದೇ ಮಿಷನ್ನಿನ ಅಂಗಳದಲ್ಲಿ ಕಚೇರಿಗೆ ಹೋಗುವ ದಾರಿಯೂ ಕಾರ್ಖಾನೆಗೆ ಹೋಗುವ ದಾರಿಯೂ ಬೇರೆಯಾದುದನ್ನು ನಮ್ಮ ಸಭಾಚರಿತ್ರೆಯು ನೇರವಾಗಿ ನೋಡಬೇಕು.

ಎರಡನೆಯದು, ಸಾಮ್ರಾಜ್ಯದ ನೆರಳು. 1835ರ ಮೆಕಾಲೆಯ ಟಿಪ್ಪಣಿಯ ಅನಂತರ ಇಂಗ್ಲಿಷ್ ಈ ದೇಶದಲ್ಲಿ ಅಧಿಕಾರದ ಭಾಷೆಯಾಗಿ ಬೇರೂರಿತು. ಉಪಾಧ್ಯಾಯನು ಎಷ್ಟೇ ವಿನಯಶಾಲಿಯಾಗಿದ್ದರೂ ಅವನು ಕಲಿಸುವ ಭಾಷೆಯ ಹಿಂದೆ ಸರ್ಕಾರದ ಬಲವಿತ್ತು. ಕಲಿಯುವವನಿಗೂ ಅದು ಗೊತ್ತಿತ್ತು.

ಮೂರನೆಯದು, ಮುಖಪುಟದಲ್ಲಿ ಹೆಸರಿಲ್ಲದವರು. ಮುನ್ಶಿಯಿಲ್ಲದೆ ಯಾವ ಮಿಷನರಿಯೂ ಕನ್ನಡ ಕಲಿಯಲಿಲ್ಲ. ಪಂಡಿತರಿಲ್ಲದೆ ಯಾವ ಹಳೆಯ ಕಾವ್ಯವೂ ಅಚ್ಚಾಗಲಿಲ್ಲ. ಪ್ರತಿ ಮಾಡುವವರೂ ಅಚ್ಚೊತ್ತುವವರೂ ಇಲ್ಲದೆ ಶಾಸನ ಸಂಪುಟಗಳು ಹೊರಬರಲಿಲ್ಲ. ವಿದೇಶೀ ಗುರುವನ್ನು ಶಿಷ್ಯನನ್ನಾಗಿ ಮಾಡಿದ ಆ ಗುರುಗಳ ಹೆಸರುಗಳಲ್ಲಿ ಹೆಚ್ಚಿನವು ಅಳಿದುಹೋಗಿವೆ. ಕಲಿತವರನ್ನು ಕೊಂಡಾಡುವ ನಾವು ಅವರಿಗೆ ಕಲಿಸಿದವರನ್ನು ಮರೆತರೆ ನಮ್ಮ ಕೃತಜ್ಞತೆ ಅರ್ಧಕ್ಕೇ ನಿಲ್ಲುತ್ತದೆ.

ಋಣವನ್ನು ತೀರಿಸುವ ಬಗೆ

ಋಣವೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಗುರುಋಣವನ್ನು ತೀರಿಸುವ ದಾರಿ ಕಲಿತದ್ದನ್ನು ಮುಂದಿನವರಿಗೆ ಕೊಡುವುದೆಂದು ನಮ್ಮ ಹಿರಿಯರು ತಿಳಿದಿದ್ದರು. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ (1:14) ತಾನು ಗ್ರೀಕರಿಗೂ ಅನ್ಯರಿಗೂ, ವಿದ್ಯಾವಂತರಿಗೂ ಅವಿದ್ಯರಿಗೂ ಋಣಿಯೆಂದು ಹೇಳಿಕೊಳ್ಳುತ್ತಾನೆ. ಸುವಾರ್ತೆಯನ್ನು ಕೊಡಲು ಹೊರಟವನೇ ತನ್ನನ್ನು ಸಾಲಗಾರನೆಂದು ಎಣಿಸಿಕೊಂಡದ್ದು ವಿಚಿತ್ರವೆನಿಸಬಹುದು. ಆದರೆ ಬೋಧಕನ ಸರಿಯಾದ ಸ್ಥಾನ ಅದೇ. ವಾಕ್ಚತುರನಾದ ಅಪೊಲ್ಲೋಸನು ಗುಡಾರ ಹೊಲಿಯುವ ದಂಪತಿಗಳಿಂದ ಪಾಠ ಹೇಳಿಸಿಕೊಳ್ಳಲು ಹಿಂಜರಿಯಲಿಲ್ಲ (ಅ. ಕೃ. 18:24–26). ಮೊಗ್ಲಿಂಗ್, ಗ್ಯಾರೆಟ್, ರೈಸರ ಕೆಲಸದಲ್ಲಿ ಉಳಿದು ಬಾಳಿದ ಭಾಗವನ್ನು ನೋಡಿದರೆ, ಅವರು ಋಣಿಗಳಾಗಿ ನಡೆದ ಕಡೆ ಅದು ಉಳಿದಿದೆ, ಬರಿಯ ದಾತರಂತೆ ನಡೆದ ಕಡೆ ಮಾಸಿದೆ.

ಇಂದು ನಮ್ಮ ಸೆಮಿನರಿಗಳಲ್ಲಿ ದೈವಜ್ಞಾನದ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಪ್ರಸಂಗಪೀಠವು ಕನ್ನಡದಲ್ಲಿದೆ. ಈ ಎರಡರ ನಡುವಣ ಅಂತರವನ್ನು ದಾಟುವವರು ಇನ್ನು ವಿದೇಶೀಯರಲ್ಲ, ನಾವೇ. ಮಲೆನಾಡಿನ ಹಳ್ಳಿಯ ಸಭೆಗೆ ಹೋಗುವ ಯುವ ಸಭಾಪಾಲಕನು ಅಲ್ಲಿಯ ರೈತರ ಮಾತಿಗೆ ಒಂದು ಅರ್ಥದಲ್ಲಿ ಹೊರಗಿನವನೇ. ಅವನು ಮೊದಲ ವರ್ಷ ಎಷ್ಟು ಕಲಿಸಿದನೆಂಬುದಕ್ಕಿಂತ ಎಷ್ಟು ಕೇಳಿಸಿಕೊಂಡನೆಂಬುದು ಅವನ ಸೇವೆಯ ಬೆಲೆಯನ್ನು ನಿರ್ಧರಿಸುತ್ತದೆ. ಸಭೆಗಳ ಆಡಳಿತದಲ್ಲಿರುವ ಇಂಗ್ಲಿಷ್ ಮಾಧ್ಯಮದ ಶಾಲೆಗಳೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಲ್ಲಿ ಓದಿದ ಮಗು ತನ್ನ ಅಜ್ಜಿಯ ಕನ್ನಡವನ್ನು ಕೀಳೆಂದು ಎಣಿಸುವುದನ್ನು ಕಲಿಯುತ್ತಿದೆಯೇ? ಕೂಲಿಯವರ ಮಕ್ಕಳಿಗೆ ಈ ಬಾಗಿಲು ಇಂದಾದರೂ ತೆರೆದಿದೆಯೇ?

ಜುಬಿಲಿ ಸ್ಮರಣಸಂಚಿಕೆಗಳನ್ನು ಸಿದ್ಧಪಡಿಸುವವರಿಗೆ ಒಂದು ಬಿನ್ನಹ. ಹಳೆಯ ಶಾಲಾ ದಾಖಲೆಗಳಲ್ಲಿಯೂ ಸಭಾ ಪುಸ್ತಕಗಳಲ್ಲಿಯೂ ದೇಶೀ ಉಪಾಧ್ಯಾಯರ, ಮುನ್ಶಿಗಳ, ಉಪದೇಶಿಗಳ ಹೆಸರುಗಳು ಸಿಕ್ಕಿದಲ್ಲಿ ಅವುಗಳನ್ನು ಮಿಷನರಿಗಳ ಹೆಸರಿನ ಪಕ್ಕದಲ್ಲಿಯೇ ಅಚ್ಚು ಮಾಡಿಸಿರಿ. ದೂರದೇಶದಿಂದ ಬಂದ ಗುರುಗಳಿಗೆ ಇದರಿಂದ ಅಗೌರವವಾಗದು. ತಾವು ಯಾರ ಬಳಿ ಅಕ್ಷರ ಕಲಿತರೋ ಅವರೊಡನೆ ಒಂದೇ ಸಾಲಿನಲ್ಲಿ ನಿಲ್ಲುವುದು ಶಿಷ್ಯನಿಗೆ ಸಲ್ಲುವ ಗೌರವವೇ ಆಗಿದೆ.