1,198 ದಿನದ ದೇವನಹಳ್ಳಿ ಭೂಮಿ ಹೋರಾಟ: ಏನು, ಯಾಕೆ, ಮುಂದೇನು?

ಮತ್ತಿಕೆರೆ: ಹೆಬ್ಬಾಳ, ಯಲಹಂಕ ದಾಟಿ ವಿಮಾನ ನಿಲ್ದಾಣಕ್ಕೆ ಹೋಗೋದು ನಮ್ಮ ಭಾಗದವರಿಗೆ ರೂಢಿ. 2008ರಲ್ಲಿ ಶುರುವಾದ ಆ ನಿಲ್ದಾಣಕ್ಕೆ ಹೋದ ಜಮೀನು ಸುಮಾರು 4,000 ಎಕರೆ. ಅದು ಅಲ್ಲಿಗೇ ನಿಲ್ಲಲಿಲ್ಲ. ಏರೋಸ್ಪೇಸ್ ಪಾರ್ಕ್, ಕೈಗಾರಿಕಾ ಪ್ರದೇಶ ಅಂತ ಸುತ್ತಲಿನ ಹೊಲಗಳೂ ಹೋದವು. ಮುಂದಿನ ಸರದಿ ಬಂದಾಗ ರೈತರು ಎದ್ದು ನಿಂತರು.

ಎಲ್ಲಿ, ಎಷ್ಟು?
ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ (ಹಾಸನದ್ದಲ್ಲ). 13 ಹಳ್ಳಿಗಳ 1,777 ಎಕರೆ. ಸ್ವಾಧೀನಕ್ಕೆ ಹೊರಟಿದ್ದು ಕೆಐಎಡಿಬಿ. ಉದ್ದೇಶ, ರಕ್ಷಣಾ ಮತ್ತು ಏರೋಸ್ಪೇಸ್ ಪಾರ್ಕ್.

ರೈತರು ಒಪ್ಪಲಿಲ್ಲ ಯಾಕೆ?
ಇದು ರಾಗಿ, ದ್ರಾಕ್ಷಿ, ತರಕಾರಿ, ರೇಷ್ಮೆ, ಹಾಲಿನ ಸೀಮೆ. ಹೆಚ್ಚಿನವರು ಸಣ್ಣ ಹಿಡುವಳಿದಾರರು. ಪರಿಹಾರದ ದುಡ್ಡು ಪಹಣಿ ಇದ್ದವರಿಗೆ ಸಿಗುತ್ತೆ. ಅದೇ ಹೊಲದಲ್ಲಿ ಕೂಲಿ ಮಾಡೋರಿಗೆ ಏನೂ ಇಲ್ಲ.

ಕಾನೂನು ಏನನ್ನುತ್ತೆ?
2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೆ ಜಮೀನು ಬೇಕಂದ್ರೆ ಶೇ 80ರಷ್ಟು ಮಂದಿಯ ಒಪ್ಪಿಗೆ ಬೇಕು. 1966ರ ಕೆಐಎಡಿಬಿ ಕಾಯ್ದೆಯಲ್ಲಿ ಅಂಥ ಷರತ್ತೇ ಇಲ್ಲ. 28(1) ಅಂದ್ರೆ ಪ್ರಾಥಮಿಕ ಅಧಿಸೂಚನೆ. ಆಮೇಲೆ ನೋಟಿಸ್, ಆಕ್ಷೇಪಣೆಗೆ 30 ದಿನ. 28(4) ಅಂತಿಮ ಅಧಿಸೂಚನೆ. ಅದು ಪ್ರಕಟವಾದರೆ ಜಮೀನು ಸರ್ಕಾರದ್ದು.

ಹೋರಾಟದ ಹಾದಿ
* 2022ರ ಏಪ್ರಿಲ್ 4: ಅನಿರ್ದಿಷ್ಟಾವಧಿ ಧರಣಿ ಆರಂಭ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಧರಣಿಗೆ ಬಂದು ಬೆಂಬಲ ಕೊಟ್ಟಿದ್ದರು.
* 2025ರ ಜೂನ್: ಅವರದೇ ಸರ್ಕಾರ ಮೂರು ಹಳ್ಳಿಗಳ 495 ಎಕರೆ ಮಾತ್ರ ಕೈಬಿಡ್ತೀವಿ ಅಂತು. ರೈತರು ಒಪ್ಪಲಿಲ್ಲ.
* ಜೂನ್ 25: 'ದೇವನಹಳ್ಳಿ ಚಲೋ'. ಪೊಲೀಸರು ಹೋರಾಟಗಾರರನ್ನು ವಶಕ್ಕೆ ಪಡೆದರು. ಚಿತ್ರನಟ ಪ್ರಕಾಶ್ ರೈ ಸೇರಿ ಹಲವರು ರೈತರ ಜೊತೆ ನಿಂತರು.
* ಜುಲೈ 4: ರೈತರ ಜೊತೆ ಸಭೆ. ಮುಖ್ಯಮಂತ್ರಿ 10 ದಿನ ಸಮಯ ಕೇಳಿದರು.
* ಜುಲೈ 15: ಭೂಸ್ವಾಧೀನ ಕೈಬಿಟ್ಟಿದ್ದಾಗಿ ಮುಖ್ಯಮಂತ್ರಿ ಘೋಷಣೆ. ಧರಣಿಗೆ ಅಂದು 1,198 ದಿನ.

ಒಂದು ಬಾಗಿಲು ತೆರೆದೇ ಇದೆ
ತಾವಾಗೇ ಜಮೀನು ಕೊಡೋರಿಂದ ಹೆಚ್ಚು ಬೆಲೆಗೆ ಕೊಳ್ತೀವಿ, ಅಭಿವೃದ್ಧಿಪಡಿಸಿದ ನಿವೇಶನ ಕೊಡ್ತೀವಿ ಅಂತ ಸರ್ಕಾರ ಅದೇ ದಿನ ಹೇಳಿದೆ. ಅಕ್ಕಪಕ್ಕದವರು ಮಾರಿದರೆ ನಡುವೆ ಉಳಿದ ಎರಡು ಎಕರೆಯವನು ದಾರಿ, ನೀರಿಗೆ ಏನು ಮಾಡಬೇಕು? ಹೋರಾಟ ಗೆದ್ದ ಮೇಲೂ ಉಳಿಯುವ ಪ್ರಶ್ನೆ ಇದು.

ನಮಗೇನು?
ಮತ್ತಿಕೆರೆ, ಯಶವಂತಪುರದಲ್ಲಿ ಅಂಗಡಿ ಇಟ್ಟವರಲ್ಲಿ ಊರಲ್ಲಿ ಜಮೀನು ಇರೋರು ಬಹಳ ಮಂದಿ. ಆಗಾಗ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಕೆಐಎಡಿಬಿ ಹೆಸರು ಕಂಡರೆ ತಡ ಮಾಡಬೇಡಿ. ನೋಟಿಸ್ ಬಂದರೆ 30 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.