"ಖಾಲಿ ಜಾಗ" ಅನ್ಬೇಡಿ! (ನಮ್ಮ ಸೀಮೆ ಇತಿಹಾಸ, ಭಾಗ 7)

ಮರ ಇಲ್ಲದ ಬಯಲು ಕಂಡ್ರೆ ನಾವೆಲ್ಲ ಏನಂತೀವಿ? "ಖಾಲಿ ಬಿದ್ದಿದೆ" ಅಂತ. ಸರ್ಕಾರಿ ಕಾಗದದಲ್ಲೂ ಅದಕ್ಕೆ ಬಂಜರು, ಖರಾಬು ಅಂತಾನೇ ಹೆಸರು. ಈ ಒಂದು ಮಾತಿಂದ ಏನು ಕಳ್ಕೊಂಡ್ವಿ, ಏನು ಉಳೀತು ಅನ್ನೋದೇ ಇವತ್ತಿನ ಕಥೆ.

1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಮ್ಮ ನಂದಿ ಬೆಟ್ಟದ ತೋಟದಲ್ಲಿ ನೀಲಗಿರಿ ನೆಡಿಸಿದ. ಭಾರತದಲ್ಲಿ ಅದೇ ಮೊದಲು ಅಂತ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳ್ತವೆ. 20ನೇ ಶತಮಾನದಲ್ಲಿ ಅದೇ ಮರ ಕೋಲಾರ, ತುಮಕೂರು ಕಡೆಯ ಬಯಲಿಗೆಲ್ಲ ಹಬ್ಬಿತು. ಬೇಗ ಬೆಳೆಯುತ್ತೆ, ಸೌದೆ ಆಗುತ್ತೆ, ಕಾಗದದ ಕಾರ್ಖಾನೆಗೆ ಹೋಗುತ್ತೆ, ಕುರಿ ಮೇಕೆ ಮುಟ್ಟಲ್ಲ. "ಖಾಲಿ" ಜಾಗಕ್ಕೆ ಇನ್ನೇನು ಬೇಕು?

ಆದ್ರೆ ಬಯಲು ಖಾಲಿ ಇರ್ಲಿಲ್ಲ. ಅಲ್ಲಿ ಕೃಷ್ಣಮೃಗ ಇತ್ತು. ಅದಕ್ಕೆ ದಟ್ಟ ಕಾಡು ಬೇಡ. ಶತ್ರು ದೂರದಿಂದ್ಲೇ ಕಾಣ್ಬೇಕು, ಓಡೋಕೆ ಬಯಲು ಬೇಕು. ಗಂಟೆಗೆ ಸುಮಾರು 80 ಕಿ.ಮೀ. ಓಡೋ ಪ್ರಾಣಿ ಅದು! ಅದನ್ನ ಅಟ್ಟಿಸ್ಕೊಂಡು ಬರ್ತಿದ್ದ ಚೀತಾ ದೇಶದಲ್ಲಿ ಇನ್ನಿಲ್ಲ ಅಂತ 1952ರಲ್ಲೇ ಘೋಷಣೆ ಆಯ್ತು. ಬೇಟೆ, ಉಳುಮೆ, ನೆಡುತೋಪು ಸೇರಿ ಕೃಷ್ಣಮೃಗದ ಜಾಗವನ್ನೂ ತಿಂದವು.

ಉಳಿದ ಒಂದು ತುಂಡು ನಮ್ಮ ಪಕ್ಕದಲ್ಲೇ ಇದೆ. ನಂದಿ ಕಡೆ ಹುಟ್ಟಿ ಗೌರಿಬಿದನೂರು ದಾಟೋ ಉತ್ತರ ಪಿನಾಕಿನಿಯನ್ನ ಮುಂದೆ ಆಂಧ್ರದ ಪರಿಗಿ ಹತ್ರ ಜಯಮಂಗಲಿ ನದಿ ಸೇರುತ್ತೆ. ಆ ಜಯಮಂಗಲಿ ಸೀಮೆಯಲ್ಲಿ, ಮಧುಗಿರಿ ತಾಲೂಕಿನ ಮೈದನಹಳ್ಳಿ ಬಳಿ 798 ಎಕರೆ ಬಯಲಿದೆ. ಅದರೊಳಗೂ ನೀಲಗಿರಿ ತೋಪು ಇದೆ ನೋಡಿ! ತುಮಕೂರಿನ ವನ್ಯಜೀವಿ ಆಸಕ್ತರು ಬೆನ್ನು ಹತ್ತಿ ಕೇಳಿದ ಮೇಲೆ, 2007ರಲ್ಲಿ ಅದು "ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು" ಆಯ್ತು.

ಈ "ಸಂರಕ್ಷಣಾ ಮೀಸಲು" ಅಂದ್ರೇನು? 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಹೊಸ ಬಗೆ. ಸರ್ಕಾರಿ ಜಾಗ, ಆದ್ರೆ ಘೋಷಿಸೋ ಮೊದಲು ಅಲ್ಲಿನ ಜನರ ಜೊತೆ ಮಾತಾಡ್ಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರೂ ಇರ್ತಾರೆ. ಇದು ಮುಖ್ಯ ಯಾಕಂದ್ರೆ ಜಿಂಕೆಗೆ ಗಡಿ ಗೊತ್ತಿಲ್ಲ, ಸುತ್ತಲ ಹೊಲಕ್ಕೂ ಮೇಯೋಕೆ ಹೋಗುತ್ತೆ. ಕಾಪಾಡೋ ಖರ್ಚಿನಲ್ಲಿ ರೈತರ ಬೆಳೆಯೂ ಸೇರಿದೆ.

2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನೇ ನಿಷೇಧಿಸಿತು. ಮರ ನೆಟ್ರೆ ಮಾತ್ರ ಪರಿಸರ ಅಲ್ಲ. ಕೆಲವು ಕಡೆ ಹುಲ್ಲನ್ನ ಹುಲ್ಲಾಗೇ ಬಿಡೋದೂ ಪರಿಸರವೇ.

ಶಿಡ್ಲಘಟ್ಟ ಆಗ್ಲಿ, ಚಿಂತಾಮಣಿ ಆಗ್ಲಿ, ನಿಮ್ಮೂರ ಗೋಮಾಳ ಲೇಔಟ್ ಆಗೋ ಮುಂಚೆ ಒಂದ್ಸಲ ಬೆಳಿಗ್ಗೆ ಹೋಗಿ ನೋಡಿ. ಅಲ್ಲಿ ಯಾರ್ಯಾರಿದ್ದಾರೆ? ಕಾಮೆಂಟಲ್ಲಿ ಬರೀರಿ 👇

#ನಮ್ಮಸೀಮೆಇತಿಹಾಸ #ಚಿಕ್ಕಬಳ್ಳಾಪುರ #ಗೌರಿಬಿದನೂರು #ಕೃಷ್ಣಮೃಗ